ಯುದ್ಧದಿಂದ ಬಂದವಳನ್ನು ನಾವು ಕೇಳುವ ಪ್ರಶ್ನೆ

ಯುದ್ಧದ ವರದಿ ಮಾಡಿ ಬಂದ ಗಂಡಸನ್ನು ಜನ ಕೇಳೋದು "ಅಲ್ಲಿ ಏನೇನಾಯ್ತು?" ಅಂತ. ಅದೇ ಕೆಲಸ ಮಾಡಿ ಬಂದ ಹೆಂಗಸನ್ನು ಕೇಳೋದು "ಮಗೂನ ಯಾರ ಹತ್ರ ಬಿಟ್ಟು ಹೋಗಿದ್ರಿ?" ಅಂತ. ಮದುವೆ ಆಗಿಲ್ಲದಿದ್ದರೆ "ಯಾವಾಗ ಆಗ್ತೀರಿ?" ಅಂತ. ನನ್ನ ತಕರಾರು ಇರೋದು ಈ ಪ್ರಶ್ನೆಗಳ ಬಗ್ಗೆ.

ಚೆನ್ನೈಯಲ್ಲಿ ಬಹಳ ವರ್ಷದಿಂದ ಇರೋ ನಮ್ಮಂಥವರಿಗೆ ಶ್ರೀಲಂಕಾದ ಯುದ್ಧ ಸಮುದ್ರದಾಚೆಯ ಸುದ್ದಿಯಷ್ಟೇ ಅಲ್ಲ. 1982ರ ಮೇ ತಿಂಗಳಲ್ಲಿ ಸೀರೆ ಅಂಗಡಿಗಳ ಪಾಂಡಿ ಬಜಾರಿನಲ್ಲೇ ಪ್ರಭಾಕರನ್ ಮತ್ತು ಉಮಾ ಮಹೇಶ್ವರನ್ ನಡುವೆ ಗುಂಡು ಹಾರಿತು. 1984ರ ಆಗಸ್ಟ್‌ನಲ್ಲಿ ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿಯಿತು. 1990ರ ಜೂನ್‌ನಲ್ಲಿ ಕೋಡಂಬಾಕ್ಕಂನಲ್ಲಿ ಪದ್ಮನಾಭ ಮತ್ತು ಅವರ ಸಂಗಡಿಗರ ಕೊಲೆಯಾಯಿತು. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ.

ಇದನ್ನೆಲ್ಲ ಬರೆದವರಲ್ಲಿ ಹೆಂಗಸರೂ ಇದ್ದರು ಅನ್ನೋದನ್ನ ಮಾತ್ರ ನಾವು ಬೇಗ ಮರೀತೀವಿ. ಶ್ರೀಪೆರುಂಬುದೂರಿಗೆ ಹೊರಟ ಕಾರಿನಲ್ಲಿ ರಾಜೀವ್ ಕೊನೆಯದಾಗಿ ಮಾತಾಡಿದ್ದು ಇಬ್ಬರು ಪತ್ರಕರ್ತೆಯರ ಜೊತೆ. ಒಬ್ಬರು ಗಲ್ಫ್ ನ್ಯೂಸ್‌ನ ನೀನಾ ಗೋಪಾಲ್, ಇನ್ನೊಬ್ಬರು ನ್ಯೂಯಾರ್ಕ್ ಟೈಮ್ಸ್‌ನ ಬಾರ್ಬರಾ ಕ್ರೊಸೆಟ್. ಮುಂದೆ ಕೊಲಂಬೊದಿಂದ ವರ್ಷಗಟ್ಟಲೆ ವರದಿ ಮಾಡಿದ ನಿರುಪಮಾ ಸುಬ್ರಮಣಿಯನ್, ಅಲ್ಲಿನ ಸಾಮಾನ್ಯ ಜನರ ಪಾಡನ್ನು 2005ರಲ್ಲಿ ಪುಸ್ತಕವಾಗಿಯೇ ತಂದರು.

ಆದರೆ ಈ ಮಾತು ಬಂದಾಗ ನನಗೆ ಮೊದಲು ನೆನಪಾಗೋದು ಅನಿತಾ ಪ್ರತಾಪ್. ಹುಟ್ಟಿದ್ದು ಕೇರಳದಲ್ಲಿ, ಪತ್ರಿಕೋದ್ಯಮ ಓದಿದ್ದು ನಮ್ಮ ಬೆಂಗಳೂರಿನಲ್ಲಿ. ಈಳಂ ಗುಂಪುಗಳು ಮದರಾಸಿನಲ್ಲಿ ಬೀಡುಬಿಟ್ಟಿದ್ದ ಕಾಲದಲ್ಲಿ ಪ್ರಭಾಕರನ್ ಸಂದರ್ಶನ ಪಡೆದರು. ಅದು 1984ರ ಮಾರ್ಚ್‌ನಲ್ಲಿ 'ಸಂಡೇ' ವಾರಪತ್ರಿಕೆಯಲ್ಲಿ ಬಂತು. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಸಹೋದ್ಯೋಗಿಯೊಬ್ಬರ ಜೊತೆ ಆಗಿದ್ದ ಮದುವೆ ಮುರಿಯಿತು, ಮಗನ ಜವಾಬ್ದಾರಿ ಅವರ ಮೇಲೇ ಬಿತ್ತು. ಆಮೇಲೂ ಲಂಕೆಯ ಯುದ್ಧವನ್ನು ವರ್ಷಗಟ್ಟಲೆ ಬರೆದರು. 1996ರಲ್ಲಿ ತಾಲಿಬಾನ್ ಕಾಬೂಲ್ ಹಿಡಿದದ್ದನ್ನು ಸಿಎನ್ಎನ್‌ಗೆ ವರದಿ ಮಾಡಿ ಜಾರ್ಜ್ ಪೋಕ್ ಪ್ರಶಸ್ತಿ ಪಡೆದರು. 1999ರಲ್ಲಿ, ನಲವತ್ತರ ಆಸುಪಾಸಿನಲ್ಲಿ, ನಾರ್ವೆಯ ರಾಜತಾಂತ್ರಿಕರೊಬ್ಬರನ್ನು ಮದುವೆಯಾದರು. 2001ರಲ್ಲಿ 'ಐಲ್ಯಾಂಡ್ ಆಫ್ ಬ್ಲಡ್' ಬಂತು.

ಇಂಥ ಬದುಕನ್ನ ನಮ್ಮ ಜನ ಓದೋ ರೀತಿ ನೋಡಿ. ಮೊದಲ ಮದುವೆ ಮುರಿದಿದ್ದಕ್ಕೆ "ಕೆಲಸದ ಹುಚ್ಚು" ಅಂತಾರೆ. ಎರಡನೇ ಮದುವೆಗೆ "ಸದ್ಯ, ಕೊನೆಗೂ ಸೆಟ್ಲ್ ಆದಳು" ಅಂತಾರೆ. ನಡುವಿನ ಅಷ್ಟೂ ವರ್ಷದ ದುಡಿಮೆ ಏನು, ವೇಯ್ಟಿಂಗ್ ರೂಮಾ?

ಇದು ಇವತ್ತಿನ ರೋಗ ಅಲ್ಲ. ಕನ್ನಡದಲ್ಲಿ ಪತ್ರಿಕೆ ನಡೆಸಿದ ಮೊದಲ ಹೆಂಗಸರನ್ನು ನೆನೆಸಿಕೊಳ್ಳಿ. 'ಕರ್ನಾಟಕ ನಂದಿನಿ'ಯ ನಂಜನಗೂಡು ತಿರುಮಲಾಂಬಾ, 'ಸರಸ್ವತಿ'ಯ ಆರ್. ಕಲ್ಯಾಣಮ್ಮ ಇಬ್ಬರೂ ಬಾಲವಿಧವೆಯರು. ಸಂಸಾರ ಕಿತ್ತುಕೊಂಡ ಮೇಲೆ ಇಬ್ಬರೂ ಲೇಖನಿ ಹಿಡಿದರು. ಆ ಕಾಲಕ್ಕೆ ಅದೇ ದೊಡ್ಡ ಸಾಹಸ, ಕೈಮುಗಿಯಬೇಕು. ಆದರೆ ನಮ್ಮ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು. ಹೆಂಗಸಿಗೆ ಸಂಸಾರ ಇಲ್ಲವೇ ಪತ್ರಿಕೆ, ಎರಡರಲ್ಲಿ ಒಂದು.

ಮದರಾಸಿನಲ್ಲೇ ಈ ಲೆಕ್ಕ ಸುಳ್ಳು ಮಾಡಿದವರೂ ಇದ್ದರು. ತಿರುವಲ್ಲಿಕ್ಕೇಣಿಯ ವೈ.ಮು. ಕೋದೈನಾಯಕಿ 1925ರಿಂದ 'ಜಗನ್ಮೋಹಿನಿ' ಪತ್ರಿಕೆ ನಡೆಸಿದರು, ನೂರಕ್ಕೂ ಹೆಚ್ಚು ಕಾದಂಬರಿ ಬರೆದರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು. ಐದಾರು ವರ್ಷಕ್ಕೇ ಮದುವೆಯಾಗಿದ್ದ ಹುಡುಗಿ ಅವರು. ಗಂಡ ಪಾರ್ಥಸಾರಥಿ ಬೆನ್ನಿಗೆ ನಿಂತಿದ್ದರು. ಅಂದರೆ ಅಡ್ಡಿ ಬರೋದು ಸಂಸಾರ ಅಲ್ಲ, ಸಂಸಾರದಲ್ಲಿ ಜೊತೆಗೆ ಇರುವವರು ಹೇಗಿದ್ದಾರೆ ಅನ್ನೋದು.

ಲಂಕೆಯ ಯುದ್ಧ 2009ರ ಮೇನಲ್ಲಿ ಮುಗಿಯಿತು. ಹಾಗಂತ ಪ್ರಶ್ನೆ ಮುಗಿಯಲಿಲ್ಲ. ನಮಗೆ ಪರಿಚಯದ ಇಲ್ಲಿನ ಒಂದು ಕನ್ನಡ ಮನೆಯ ಹುಡುಗಿ ವರದಿಗಾರ್ತಿ. ಹೆಣ್ಣು ನೋಡಲು ಬಂದವರಿಗೆ ಜಾತಕ ಕೂಡಿತು, ಹುಡುಗಿ ಮೆಚ್ಚಿಗೆಯಾದಳು. ಕಾಫಿ ಲೋಟ ಕೆಳಗಿಟ್ಟು ಹುಡುಗನ ತಾಯಿ ಕೇಳಿದ್ದು, "ಮದುವೆ ಆದ್ಮೇಲೆ ಈ ನೈಟ್ ಡ್ಯೂಟಿ, ಊರೂರು ಸುತ್ತೋದೆಲ್ಲ ಬಿಡ್ತೀಯಲ್ಲಮ್ಮಾ?" ಹುಡುಗನೂ ಸಾಫ್ಟ್‌ವೇರ್‌ನವನು, ಅಮೆರಿಕದ ಟೈಮಿಗೆ ರಾತ್ರಿಯೆಲ್ಲ ಕೆಲಸ. ಅವನನ್ನ ಯಾರೂ ಕೇಳಲಿಲ್ಲ!

ಕೆಲವರು ಹೇಳಬಹುದು, "ವರದಿಗಾರಿಕೆ ಅಂದ್ರೇ ಹಾಗೆ, ಗಂಡಸರ ಸಂಸಾರವೂ ಮುರಿಯೋದಿಲ್ವೇ?" ಮುರಿಯುತ್ತೆ. ಆದರೆ ಅವನ ಹೆಸರಿನ ಪಕ್ಕ ಆ ಮುರಿದ ಸಂಸಾರವನ್ನ ಯಾರೂ ಬರೆದಿಡೋದಿಲ್ಲ. ಅವನು ವಾಪಸ್ ಬಂದಾಗ ಮನೆಯಲ್ಲಿ ಅಡುಗೆ ಆಗಿರುತ್ತೆ, ಮಗು ಸ್ಕೂಲಿಗೆ ಹೋಗಿರುತ್ತೆ. ಅವಳು ವಾಪಸ್ ಬಂದರೆ ಸಿಂಕಿನಲ್ಲಿ ಪಾತ್ರೆ ಕಾಯ್ತಾ ಇರುತ್ತೆ. ಯುದ್ಧಭೂಮಿಯಲ್ಲಿ ಇಬ್ಬರ ಕಷ್ಟ ಒಂದೇ, ಬೇರೆಯಾಗೋದು ಮನೆ ಬಾಗಿಲಲ್ಲಿ.

ಹಾಗಾದರೆ ಏನು ಮಾಡಬೇಕು? ಬರೀ ಕಾನೂನಿನಿಂದ ಆಗೋದಿಲ್ಲ. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿತು, 50 ಜನ ಇರುವ ಕಚೇರಿಯಲ್ಲಿ ಶಿಶುವಿಹಾರ ಇರಬೇಕು ಅಂತಾಯಿತು. ಒಳ್ಳೆಯದೇ. ಆದರೆ ಬರೆದ ಸುದ್ದಿಗೆ ಇಷ್ಟು ಅಂತ ದುಡ್ಡು ಪಡೆಯೋ ಬಿಡಿ ವರದಿಗಾರ್ತಿಯರಿಗೆ ಕಚೇರಿಯೂ ಇಲ್ಲ, ರಜೆಯೂ ಇಲ್ಲ. ಅವರಿಗೆ ಉಳಿಯೋದು ಮನೆಯವರೇ. ಮನೆಯವರು ಅಂದರೆ ನಾವೇ ತಾನೆ? ಅಪ್ಪ, ಅಮ್ಮ, ಗಂಡ, ಅತ್ತೆ.

"ಧೈರ್ಯವಂತೆ" ಅಂತ ಹೊಗಳೋದಕ್ಕೆ ಏನೂ ಖರ್ಚಿಲ್ಲ. ಅವಳು ಊರಲ್ಲಿ ಇಲ್ಲದ ವಾರ ಮಗುವಿಗೆ ಜಡೆ ಹಾಕಿ ಸ್ಕೂಲಿಗೆ ಬಿಟ್ಟು ಬರೋದಕ್ಕೆ ಸ್ವಲ್ಪ ಖರ್ಚಿದೆ. ಆ ಖರ್ಚು ಹೊರಲು ತಯಾರಿಲ್ಲದವರು ಮುಂದಿನ ಸಲ ಹೆಣ್ಣು ನೋಡಲು ಹೋದಾಗ ಹುಡುಗಿಯ ಪ್ರಶಸ್ತಿಗಳ ಬಗ್ಗೆ ಹೆಮ್ಮೆಯ ಮಾತಾಡದಿದ್ದರೆ ಒಳ್ಳೆಯದು.

ನೀವೇನಂತೀರಿ?