ಹೊಳೆದರೆ ನಿಧಿ, ತುಕ್ಕು ಹಿಡಿದರೆ ಗುಜರಿ

ನಮ್ಮ ಮೂರು ತಾಲ್ಲೂಕುಗಳಲ್ಲಿ, ಅಂದರೆ ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ, ಮಣ್ಣಿನಿಂದ ಎದ್ದು ಬಂದ ಹಳೇ ಲೋಹಕ್ಕೆ ಎರಡೇ ಗತಿ. ಹೊಳೆದರೆ ಅದು ನಿಧಿ. ತುಕ್ಕು ಹಿಡಿದಿದ್ದರೆ ಗುಜರಿ. ಮೂರನೆಯದೊಂದು ದಾರಿ ಇದೆ ಅಂತ ಊರಿಗೆ ಹೇಳಬೇಕಾದವರು ನಾವು, ಸುದ್ದಿಯವರು. ನಾವು ಹೇಳಿಲ್ಲ. ಈ ಬರಹ ಮೊದಲು ನಮ್ಮ ಮೇಲೆಯೇ ದೂರು, ಆಮೇಲೆ ಮಿಕ್ಕವರ ಮೇಲೆ.

ಮಳವಳ್ಳಿ ಕಡೆ ಜಮೀನು ಮಾಡುವ ಹಿರಿಯರೊಬ್ಬರು ಮನೆಯ ಗೂಡಿನಿಂದ ಒಂದು ಬೂದು ಬಣ್ಣದ ಗುಂಡು ತೆಗೆದು ನಮ್ಮ ಕೈಗಿಟ್ಟರು. ಗೋಲಿಯಷ್ಟು ಗಾತ್ರ, ಗೋಲಿಗಿಂತ ಬಹಳ ಭಾರ. "ನಿಧಿ ಗಿಧಿ ಏನಲ್ಲ ಕಣಪ್ಪ, ಪೇಪರ್‌ನಲ್ಲಿ ಹಾಕ್ಬುಟ್ಟೀರಿ, ಆಮೇಲೆ ಪೊಲೀಸ್ನೋರು ಬಂದು ಹೊಲಾನೆಲ್ಲ ಅಗೆಸ್ತಾರೆ" ಅಂದರು. ಯಾವ ಹೊಲ ಅಂತ ಕೇಳಿದೆವು. ಹೇಳಲಿಲ್ಲ. ಅವರ ಭಯಕ್ಕೆ ಕಾರಣ ನಮ್ಮ ಕಸುಬು ಬರೆದ ಹೆಡ್ಡಿಂಗುಗಳೇ.

ಮಳವಳ್ಳಿಯ ನೆಲ ಸಾಮಾನ್ಯದ್ದಲ್ಲ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೇನೆಗೂ ಟಿಪ್ಪುವಿನ ಸೇನೆಗೂ ಇಲ್ಲೇ ಕದನ ನಡೆಯಿತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಅವತ್ತು ಇಲ್ಲಿದ್ದ. ಅದಾದ 38ನೇ ದಿನ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಕೋಟೆಯ ಕಥೆ ಎಲ್ಲರಿಗೂ ಗೊತ್ತು. ಮಳವಳ್ಳಿಯ ಬಯಲಿನ ಕಥೆ ಮಳವಳ್ಳಿಯವರಿಗೇ ಅಷ್ಟಾಗಿ ಗೊತ್ತಿಲ್ಲ.

ಆ ಕಾಲದ ಬ್ರಿಟಿಷ್ ಮಸ್ಕೆಟ್ ಕೋವಿಯ ಸೀಸದ ಗುಂಡು ಸುಮಾರು 17 ಮಿಲಿಮೀಟರ್ ಅಡ್ಡಳತೆ, ಸುಮಾರು 30 ಗ್ರಾಂ ತೂಕ. ಮಣ್ಣಿನಲ್ಲಿ ಬಹಳ ಕಾಲ ಇದ್ದ ಸೀಸದ ಮೇಲೆ ಬಿಳಿ ಬೂದು ಪದರ ಕಟ್ಟುತ್ತದೆ. ಚಪ್ಪಟೆಯಾಗಿದ್ದರೆ ಹಾರಿ ಏನಕ್ಕೋ ಬಡಿದದ್ದು. ಗುಂಡಗೇ ಇದ್ದರೆ ಸಿಪಾಯಿಯ ಚೀಲದಿಂದ ಬಿದ್ದದ್ದೂ ಇರಬಹುದು. ನಡುವೆ ತೂತಿದ್ದರೆ ಯುದ್ಧವೂ ಇಲ್ಲ ಗಿದ್ಧವೂ ಇಲ್ಲ, ಮೀನಿನ ಬಲೆಗೆ ಕಟ್ಟುವ ಸೀಸ ಇರಬಹುದು. ಹಿರಿಯರ ಗುಂಡಿಗೆ ತೂತಿರಲಿಲ್ಲ. ಅಷ್ಟರಿಂದ ಅದು 1799ರದ್ದೇ ಅನ್ನಲು ನಮಗೆ ಹಕ್ಕಿಲ್ಲ. ಯಾವ ಹೊಲ, ಎಷ್ಟು ಆಳ, ಪಕ್ಕದಲ್ಲಿ ಇನ್ನೇನಿತ್ತು ಅನ್ನುವುದು ಗೊತ್ತಿದ್ದರೆ ಅನ್ನಬಹುದಿತ್ತು.

ಈಗ ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿಕೊಂಡು ಹೊಲ ಸುತ್ತುವ ಹುಡುಗರ ವಿಷಯ. ಹುಡುಗರೇ, ಆ ಯಂತ್ರ ಲೋಹ ಇದೆ ಅಂತ ಕೂಗುತ್ತದೆ, ಏನು ಅಂತ ಹೇಳುವುದಿಲ್ಲ. ಎತ್ತಿನ ಲಾಳಕ್ಕೂ ಕೂಗುತ್ತದೆ, ಗಾಡಿಯ ಕಡಾಣಿಗೂ ಕೂಗುತ್ತದೆ, ಮುರಿದ ನೇಗಿಲ ಗುಳಕ್ಕೂ ಕೂಗುತ್ತದೆ. ನೀವು ಫೋಟೋ ಹಾಕಿ "ಇದೇನು ಹೇಳಿ ನೋಡೋಣ" ಅನ್ನುವ ವಸ್ತುಗಳಲ್ಲಿ ಮುಕ್ಕಾಲು ಪಾಲನ್ನು ನಿಮ್ಮ ತಾತನೇ ಗುರುತಿಸಿಯಾರು. ಎತ್ತಿನ ಗೊರಸು ಸೀಳಿರುವುದರಿಂದ ಅದರ ಲಾಳ ಎರಡು ತುಂಡು, ಕುದುರೆಯದ್ದು ಒಂದೇ. ಇದಕ್ಕೆ ಯೂಟ್ಯೂಬ್ ಬೇಕಿಲ್ಲ, ಜಗಲಿ ಸಾಕು. ತಾತನಿಗೂ ತಿಳಿಯದ ವಸ್ತು ಬಂತೋ, ಅಲ್ಲಿಗೆ ಅಗೆಯುವುದನ್ನು ನಿಲ್ಲಿಸಿ. ಹುಣಿಸೆಹಣ್ಣು ಹಾಕಿ ಉಜ್ಜಬೇಡಿ.

ಯಾಕೆ ಅಂದರೆ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಗ್ರಾಮವನ್ನು ನೋಡಿ. 2002ರಲ್ಲಿ ಅಲ್ಲಿಯ ಪಾಳುಬಾವಿಯೊಂದರಲ್ಲಿ 160ರಷ್ಟು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಟಿಪ್ಪು ಕಾಲದ ರಾಕೆಟ್ಟುಗಳು ಅಂತ ಗುರುತಾದದ್ದು 2007ರಲ್ಲಿ. ಐದು ವರ್ಷ ಮ್ಯೂಸಿಯಮ್ಮಿನಲ್ಲಿ ಹೆಸರಿಲ್ಲದೆ ಇದ್ದವು. 2018ರ ಜುಲೈನಲ್ಲಿ ಅದೇ ಊರಿನಲ್ಲಿ ಒಣಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಬಂದದ್ದರಿಂದ ರಾಜ್ಯ ಪುರಾತತ್ವ ಇಲಾಖೆ ಅಗೆಸಿತು. ಸಾವಿರಕ್ಕೂ ಹೆಚ್ಚು ರಾಕೆಟ್ಟು, ಒಂದೊಂದು 23ರಿಂದ 26 ಸೆಂಟಿಮೀಟರ್ ಉದ್ದ. ಮೊದಲ ಸಲ ಸಿಕ್ಕವರು ಗುಜರಿಗೆ ಹಾಕಿದ್ದರೆ? ಕೆಜಿಗೆ ಇಷ್ಟು ಅಂತ ಹೋಗುತ್ತಿತ್ತು. ಮಂಡ್ಯ ಜಿಲ್ಲೆಯ ಗುಜರಿ ಅಂಗಡಿಗಳಲ್ಲಿ ಅಂಥದ್ದು ಹೋಗಿಯೇ ಇಲ್ಲ ಅಂತ ಎದೆ ಮುಟ್ಟಿ ಹೇಳುವವರು ಯಾರು? (ಒಳಗೆ ಮದ್ದು ಇರಬಹುದಾದ ಕೊಳವೆ ಕಂಡರೆ ಸುತ್ತಿಗೆ ಹಿಡಿಯಬೇಡಿ, ಠಾಣೆಗೆ ಫೋನ್ ಮಾಡಿ.)

ಇನ್ನು ನಿಧಿಗಳ್ಳರು. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ಕಿತ್ತು ಹಾಕಿದರು. ನಮ್ಮ ಕಡೆ ವೀರಗಲ್ಲು, ಮಾಸ್ತಿಕಲ್ಲುಗಳ ಬುಡ ಯಾಕೆ ಸುರಕ್ಷಿತವಾಗಿರಬೇಕು? "ಕಲ್ಲಿನ ಕೆಳಗೆ ಹೊನ್ನು" ಅನ್ನುವ ನಂಬಿಕೆಗೆ ಪ್ರತಿ ವಾರ ಎಣ್ಣೆ ಹೊಯ್ಯುವವರು "ನಿಧಿ ಪತ್ತೆ?" ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಿ ಜಾರಿಕೊಳ್ಳುವ ನಾವೇ. ನಮ್ಮಲ್ಲೊಬ್ಬರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥದ್ದೊಂದು ಬರೆದಿದ್ದಾರೆ. ಮಡಕೆಯ ಬಾಯಿ ಒಡೆದಾಗ ಒಳಗೆ ಬರೀ ಮಣ್ಣಿತ್ತು, ಆ ಸುದ್ದಿ ಮಾತ್ರ ಅಚ್ಚಾಗಲಿಲ್ಲ.

ಕಾನೂನು ಇದೆ. 1878ರ ಬ್ರಿಟಿಷ್ ಕಾಲದ ನಿಧಿ ಕಾಯ್ದೆಯೇ ಕೇಳುತ್ತದೆ: ವಸ್ತು ಎಂಥದ್ದು, ಅಂದಾಜು ಬೆಲೆ ಎಷ್ಟು, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು. ಇದು ಯಾವುದೇ ವರದಿಗಾರ ಮೊದಲ ದಿನ ಕಲಿಯುವ ಪಾಠ. ನಮ್ಮ ಸುದ್ದಿಗಳಲ್ಲಿ ಬೆಲೆ ಇರುತ್ತದೆ, ಅದೂ "ಕೋಟ್ಯಂತರ". ಎಲ್ಲಿ ಅನ್ನುವುದಕ್ಕೆ ಊರಿನ ಹೆಸರು ಬಿಟ್ಟರೆ ಏನಿಲ್ಲ. ರಾಜ್ಯಕ್ಕೆ ತನ್ನದೇ 1962ರ ನಿಧಿ ಕಾಯ್ದೆಯೂ ಇದೆ. ಆದರೆ ರೈತನಿಗೆ ತಲುಪಿರುವುದು ಕಾಯ್ದೆಯಲ್ಲ, ಜಮೀನು ಕಿತ್ತುಕೊಳ್ಳುತ್ತಾರೆ ಅನ್ನುವ ವದಂತಿ.

"ಸೀಸದ ಗುಂಡಿಗೆಲ್ಲ ಇಷ್ಟು ಗಲಾಟೆ ಯಾಕೆ" ಅಂತ ಕೇಳುವವರಿದ್ದಾರೆ. ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಕದನದ ಬಯಲಿನಲ್ಲಿ 1983ರಲ್ಲಿ ಹುಲ್ಲಿಗೆ ಬೆಂಕಿ ಬಿತ್ತು. ಮುಂದಿನ ವರ್ಷ ಪುರಾತತ್ವಜ್ಞರು ಮೆಟಲ್ ಡಿಟೆಕ್ಟರ್ ಹಿಡಿದು ಸಾಲಾಗಿ ನಡೆದರು. ಸಿಕ್ಕ ಪ್ರತಿ ಗುಂಡು, ಪ್ರತಿ ತೋಟಾದ ಜಾಗ ಗುರುತು ಹಾಕಿದರು. ಯಾರು ಎಲ್ಲಿ ನಿಂತು ಗುಂಡು ಹೊಡೆದರು ಅನ್ನುವುದು ನಕ್ಷೆಯ ಮೇಲೆ ಬಂತು. ಯಂತ್ರ ಅದೇ, ಅದರ ಜೊತೆ ಪುಸ್ತಕ ಪೆನ್ನಿತ್ತು. ಇಂಗ್ಲೆಂಡಿನಲ್ಲಿ 1997ರಿಂದ ಸಾಮಾನ್ಯರಿಗೆ ಸಿಕ್ಕ ವಸ್ತುಗಳನ್ನು ಜಾಗದ ಸಮೇತ ದಾಖಲಿಸುವ ವ್ಯವಸ್ಥೆ ಇದೆ, 2014ಕ್ಕೆ ಹತ್ತು ಲಕ್ಷ ವಸ್ತು ದಾಟಿತು.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಹತ್ತನೇ ಶತಮಾನದ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಕಲ್ಲು ತನ್ನ ಕಥೆಯನ್ನು ತಾನೇ ಬರೆದುಕೊಂಡಿದೆ, ಎಲ್ಲಿಗೆ ಸಾಗಿಸಿದರೂ ಹೇಳುತ್ತದೆ. ಸೀಸದ ಗುಂಡಿನ ಮೇಲೆ ಬರಹವಿಲ್ಲ. ಅದು ಬಿದ್ದಿದ್ದ ಜಾಗವೇ ಅದರ ಬರಹ.

ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಇರುವುದು ಪಕ್ಕದ ಮೈಸೂರಿನಲ್ಲೇ. ಅಲ್ಲಿಂದ ತಿಂಗಳಿಗೊಂದು ದಿನ ಒಬ್ಬರು ಬಂದು ಮೂರೂ ತಾಲ್ಲೂಕು ಕಚೇರಿಗಳಲ್ಲಿ ಕೂತು, ಜನ ತಂದದ್ದನ್ನು ನೋಡಿ, ರಿಜಿಸ್ಟರಿನಲ್ಲಿ ಸರ್ವೆ ನಂಬರ್ ಸಮೇತ ಬರೆದುಕೊಂಡು, ನಿಧಿಯಲ್ಲದ ವಸ್ತುವನ್ನು ರಸೀದಿ ಕೊಟ್ಟು ವಾಪಸ್ ಕೊಡಲಿ. ಇದು ನಮ್ಮ ಬೇಡಿಕೆ. ಈ ಬ್ಲಾಗಿನಲ್ಲಿ "ನಿಧಿ" ಪದವನ್ನು ಹೆಡ್ಡಿಂಗಿಗೆ ಹಾಕುವುದನ್ನು ನಾವು ಇವತ್ತಿನಿಂದ, ಈ ಬರಹ ಒಂದನ್ನು ಬಿಟ್ಟು, ನಿಲ್ಲಿಸಿದ್ದೇವೆ. ಮಳವಳ್ಳಿಯ ಹಿರಿಯರ ಮನೆಗೆ ಮತ್ತೆ ಹೋಗುವುದಿದೆ, ಈ ಸಲ ಕ್ಯಾಮೆರಾ ಇಲ್ಲದೆ.