ಬಾಡಿಗೆ ಇಂಜಿನ್ನಿನ ಫಾರ್ಮುಲಾ ಒನ್

2011ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ನೈಸ್ ರಸ್ತೆಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮೆಕ್ಲಾರೆನ್ ಕಾರು ಓಡಿಸಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಜನಜಂಗುಳಿಯಲ್ಲಿ ನಾನೂ ಇದ್ದೆ. ಕಾರು ಕಂಡಿದ್ದಕ್ಕಿಂತ ಮುಂದೆ ನಿಂತವರ ತಲೆ ಕಂಡಿದ್ದೇ ಜಾಸ್ತಿ. ಆದರೆ ಆ ಸದ್ದು! ಎದೆಗೂಡಿನ ಮೇಲೆ ಯಾರೋ ಡ್ರಿಲ್ಲಿಂಗ್ ಮೆಷಿನ್ ಇಟ್ಟ ಹಾಗೆ. 2.4 ಲೀಟರಿನ ವಿ8 ಇಂಜಿನ್, ನಿಮಿಷಕ್ಕೆ 18 ಸಾವಿರ ಸುತ್ತಿನ ಆಸುಪಾಸು ತಿರುಗುವಂಥದ್ದು. ರಾತ್ರಿ ಊಟಕ್ಕೆ ಕೂತಾಗಲೂ ಕಿವಿಯಲ್ಲಿ ಗುಂಯ್ ಅಂತಿತ್ತು.

ಇದನ್ನು ಮೊದಲೇ ಹೇಳಿಬಿಡ್ತೀನಿ. ಮುಂದೆ ಬರೆಯೋದನ್ನು ಓದಿ 'ಇವನಿಗೆ ಆ ಸದ್ದಿನ ರುಚಿಯೇ ಗೊತ್ತಿಲ್ಲ' ಅಂತ ಯಾರೂ ಅನ್ನಬಾರದು ನೋಡಿ :)

2025ರಲ್ಲಿ ಎಫ್‌ಐಎ ಅಧ್ಯಕ್ಷ ಮೊಹಮ್ಮದ್ ಬೆನ್ ಸುಲಾಯೆಮ್ 'ಹಳೇ ವಿ10 ಇಂಜಿನ್ನನ್ನೇ ವಾಪಸ್ ತರಬಾರದೇಕೆ, ಸುಸ್ಥಿರ ಇಂಧನ ಹಾಕಿ ಓಡಿಸಿದರಾಯಿತಲ್ಲ' ಅನ್ನೋ ಅರ್ಥದ ಮಾತು ತೆಗೆದರು. ಆಮೇಲೆ ಅದು ವಿ8ರ ಕಡೆ ವಾಲಿತು. ಆವತ್ತಿನಿಂದ ನನ್ನ ಗೆಳೆಯರಿಗೆಲ್ಲ ಹಬ್ಬ. "ಸದ್ದು ವಾಪಸ್ ಬರುತ್ತಂತೆ ಮಾರಾಯ" ಅಂತ ಒಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ. ನನಗೂ ಖುಷಿಯೇ. ಆದರೆ ಎಲ್ಲರೂ ಸದ್ದಿನ ಬಗ್ಗೆಯೇ ಜಗಳ ಆಡ್ತಾ, ಆ ಇಂಜಿನ್ ಯಾರ ಕೈಯಲ್ಲಿರುತ್ತೆ ಅನ್ನೋದನ್ನು ಮರೆತೇಬಿಟ್ಟಿದ್ದಾರೆ ಅಂತ ನನಗನ್ನಿಸುತ್ತೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1967ರಲ್ಲಿ ಕೀತ್ ಡಕ್‌ವರ್ತ್ ಅನ್ನೋ ಎಂಜಿನಿಯರ್ ಫೋರ್ಡ್ ಕಂಪನಿ ಕೊಟ್ಟ ಒಂದು ಲಕ್ಷ ಪೌಂಡಿನಲ್ಲಿ ಕಾಸ್ವರ್ತ್ ಡಿಎಫ್‌ವಿ ಅನ್ನೋ 3 ಲೀಟರಿನ ವಿ8 ಮಾಡಿದ. ಹಾಲೆಂಡಿನ ಝಾಂಡ್‌ವೂರ್ಟ್‌ನಲ್ಲಿ ಮೊದಲ ಸಲ ಓಡಿದಾಗಲೇ ಜಿಮ್ ಕ್ಲಾರ್ಕ್ ಗೆದ್ದ. ನಿಜವಾದ ಸ್ವಾರಸ್ಯ ಆಮೇಲಿನದು. ಮುಂದಿನ ವರ್ಷದಿಂದ ಅದು ದುಡ್ಡು ಕೊಟ್ಟವರಿಗೆ ಸಿಗತೊಡಗಿತು. ಲೋಟಸ್, ಮೆಕ್ಲಾರೆನ್, ಟಿರೆಲ್, ವಿಲಿಯಮ್ಸ್ ಎಲ್ಲರೂ ಅದನ್ನೇ ಹಾಕಿ ಗೆದ್ದರು. ಒಳ್ಳೇ ಛಾಸಿ ಮಾಡೋ ತಲೆ ಇದ್ದರೆ ಸಾಕು, ಇಂಜಿನ್ನಿಗೆ ಯಾರ ಕಾಲೂ ಹಿಡಿಯಬೇಕಿರಲಿಲ್ಲ. 1969 ಮತ್ತು 1973ರಲ್ಲಂತೂ ಆ ವರ್ಷದ ಒಂದು ರೇಸನ್ನೂ ಬಿಡದೆ ಗೆದ್ದಿದ್ದು ಇದೇ ಇಂಜಿನ್. ಒಟ್ಟು 155 ಗೆಲುವು. ಇವತ್ತು ನಾವು ದೊಡ್ಡ ಹೆಸರು ಅಂತ ಹೇಳುವ ತಂಡಗಳಲ್ಲಿ ಅರ್ಧದಷ್ಟು ಬೆಳೆದಿದ್ದೇ ಹೀಗೆ.

ಅದೇ ಕಾಸ್ವರ್ತ್ ಕೊನೆಯ ಸಲ ಎಫ್1ನಲ್ಲಿ ಓಡಿದ್ದು 2013ರಲ್ಲಿ, ಮರುಸ್ಸಿಯಾ ಅನ್ನೋ ಬಡ ತಂಡದ ಕಾರಿನಲ್ಲಿ. 2014ಕ್ಕೆ 1.6 ಲೀಟರಿನ ಟರ್ಬೋ ಹೈಬ್ರಿಡ್ ವಿ6 ಬಂತು. ಆಗಿನಿಂದ ಹೊರಗಿನ ವರ್ಕ್‌ಶಾಪಿನವರು ಮಾಡಿ ಮಾರುವ ಇಂಜಿನ್ ಅನ್ನೋದೇ ಇಲ್ಲ. ಆ ವರ್ಷ ಅಕ್ಟೋಬರಿನಲ್ಲೇ ಮರುಸ್ಸಿಯಾ, ಕೇಟರ್‌ಹ್ಯಾಮ್ ಎರಡೂ ದಿವಾಳಿ ಬಾಗಿಲಿಗೆ ಬಂದವು. ಇಂಜಿನ್ನೊಂದೇ ಕಾರಣ ಅಲ್ಲ, ಒಪ್ತೀನಿ. ಆದರೆ ಆ ಬಿಲ್ಲು ಸಣ್ಣದೇನಾಗಿರಲಿಲ್ಲ. ನಮ್ಮ ಮಲ್ಯ ಸಾಹೇಬರ ಫೋರ್ಸ್ ಇಂಡಿಯಾ 2018ರಲ್ಲಿ ಅದೇ ಬಾಗಿಲಿಗೆ ಬಂದಾಗ, ದುಡ್ಡು ಬರಬೇಕಿದ್ದವರ ಪಟ್ಟಿಯಲ್ಲಿ ಇಂಜಿನ್ ಕೊಟ್ಟ ಮರ್ಸಿಡಿಸ್ಸೂ ಇತ್ತು.

ಬಡವರ ಕಥೆ ಬಿಡಿ. ರೆಡ್ ಬುಲ್ ಕಥೆ ಕೇಳಿ. ಸತತ ನಾಲ್ಕು ವರ್ಷ ಚಾಂಪಿಯನ್ ಆಗಿದ್ದ ತಂಡ, ದುಡ್ಡಿಗೇನೂ ಕೊರತೆ ಇಲ್ಲ. 2015ರಲ್ಲಿ ರೆನೋ ಜೊತೆ ಮುನಿಸಿಕೊಂಡು ಬೇರೆ ಇಂಜಿನ್ ಹುಡುಕಲು ಹೊರಟಿತು. ಮರ್ಸಿಡಿಸ್ ಆಗಲ್ಲ ಅಂತು. ಫೆರಾರಿ ತನ್ನ ಹೊಸ ಇಂಜಿನ್ ಕೊಡಲ್ಲ ಅಂತು. ಹೋಂಡಾದ ಹತ್ತಿರ ಹೋದರೆ ಮೆಕ್ಲಾರೆನ್ ಅಡ್ಡ ಬಂತು. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಈ ಅನುಭವ ಗೊತ್ತಿರುತ್ತೆ. ಕೈಯಲ್ಲಿ ಅಡ್ವಾನ್ಸ್ ಇದೆ, ಓನರ್ ಮಾತ್ರ 'ನಿಮಗೆ ಕೊಡಲ್ಲ' ಅಂತಾರೆ! ಕೊನೆಗೆ ಬೈದು ಬಿಟ್ಟುಬಂದ ರೆನೋ ಮನೆಗೇ ವಾಪಸ್ ಹೋಗಿ, ಬಾಗಿಲಿಗೆ 'ಟ್ಯಾಗ್ ಹಾಯರ್' ಅಂತ ವಾಚ್ ಕಂಪನಿಯ ಬೋರ್ಡು ಹಾಕಿಕೊಂಡು 2016ರಲ್ಲಿ ಓಡಿತು.

ಮತ್ತೆ ಈ ಮಾಲೀಕರಾದರೂ ನೆಟ್ಟಗೆ ಇರ್ತಾರಾ? ಹೋಂಡಾ 2008ರ ಕೊನೆಗೆ ಗಂಟುಮೂಟೆ ಕಟ್ಟಿತು. 2009ರಲ್ಲಿ ಬಿಎಂಡಬ್ಲ್ಯೂ, ಟೊಯೋಟ ಎರಡೂ ಹೋದವು. ಹೋಂಡಾ 2015ಕ್ಕೆ ಮತ್ತೆ ಬಂತು, 2020ರಲ್ಲಿ 'ಇನ್ನೊಂದು ವರ್ಷಕ್ಕೆ ಹೊರಡ್ತೀವಿ' ಅಂತು, 2023ರಲ್ಲಿ 'ಇಲ್ಲ, 2026ಕ್ಕೆ ಆಸ್ಟನ್ ಮಾರ್ಟಿನ್ ಜೊತೆ ಬರ್ತೀವಿ' ಅಂತು. ಅಮೆರಿಕದ ಇಂಡಿಕಾರ್‌ನಲ್ಲೂ ಇದೇ ಪರಿಸ್ಥಿತಿ, 2013ರಿಂದ ಇಂಜಿನ್ ಕೊಡೋರು ಹೋಂಡಾ, ಷೆವ್ರೊಲೆ ಇಬ್ಬರೇ. ಒಬ್ಬರು ಎದ್ದು ಹೋದರೆ ಅಲ್ಲಿಗೆ ಮುಗೀತು.

ಈಗ 2026ರ ನಿಯಮಕ್ಕೆ ಬರೋಣ. ಹೊಸ ಕಂಪನಿಗಳನ್ನು ಕರೆತರಲು ಬರೆದ ನಿಯಮ ಇದು ಅನ್ನೋದೇನು ಗುಟ್ಟಲ್ಲ. ಅದಕ್ಕಾಗಿ ಎಂಜಿಯು-ಎಚ್ ಅನ್ನೋ ಭಾಗವನ್ನು ತೆಗೆದರು. ಟರ್ಬೋ ಜೊತೆಗೇ ತಿರುಗಿ, ಸುಮ್ಮನೆ ಪೋಲಾಗುವ ಹೊಗೆಯ ಬಿಸಿಯಿಂದ ಕರೆಂಟ್ ತೆಗೆಯುತ್ತಿದ್ದ ಅದ್ಭುತ ಯಂತ್ರ ಅದು. ಅದರ ಬಲದಿಂದಲೇ ಮರ್ಸಿಡಿಸ್ 2017ರಲ್ಲಿ ಟೆಸ್ಟ್ ಬೆಂಚಿನ ಮೇಲೆ ಇಂಧನದ ಶಕ್ತಿಯಲ್ಲಿ 50%ಗಿಂತ ಹೆಚ್ಚನ್ನು ಕೆಲಸಕ್ಕೆ ಹಚ್ಚಿದ್ದು. ಮನುಷ್ಯ ಮಾಡಿದ ಅತ್ಯುತ್ತಮ ಪೆಟ್ರೋಲ್ ಇಂಜಿನ್‌ಗಳ ಸಾಲಿಗೆ ಸೇರುವಂಥದ್ದನ್ನು ಕೈಯಲ್ಲಿ ಇಟ್ಟುಕೊಂಡು ನಾವೆಲ್ಲ 'ಸದ್ದಿಲ್ಲ, ವ್ಯಾಕ್ಯೂಮ್ ಕ್ಲೀನರ್' ಅಂತ ಅಳುತ್ತಾ ಕೂತೆವು. ನಾನೂ ಅತ್ತವನೇ. ಆದರೆ ಅದನ್ನು ಮಾಡೋದು ಸಿಕ್ಕಾಪಟ್ಟೆ ಕಷ್ಟ, ದುಬಾರಿ. ಹೊಸಬರಿಗೆ ಬೇಡವಾಯ್ತು.

ಅದರ ಬದಲು ಇನ್ನೊಂದು ಮೋಟಾರಿನ ಬಲವನ್ನು 120 ಕಿಲೋವಾಟ್‌ನಿಂದ 350ಕ್ಕೆ ಏರಿಸಿ, ಪೆಟ್ರೋಲ್ ಇಂಜಿನ್ನಿನ ಬಲವನ್ನು 400ರ ಆಸುಪಾಸಿಗೆ ಇಳಿಸಿದರು. ಬ್ಯಾಟರಿಯಲ್ಲಿ ಬಳಸಲು ಸಿಗುವುದು 4 ಮೆಗಾಜೂಲ್. ಲೆಕ್ಕ ಹಾಕಿ ನೋಡಿ, ಪೂರ್ತಿ ಬಲದಲ್ಲಿ ಓಡಿಸಿದರೆ ಹನ್ನೊಂದೂವರೆ ಸೆಕೆಂಡಿಗೆ ಖಾಲಿ! ಹಾಗಾಗಿ ಲ್ಯಾಪ್ ಉದ್ದಕ್ಕೂ ಕೂಡಿಡೋದು, ಖರ್ಚು ಮಾಡೋದು, ಮತ್ತೆ ಕೂಡಿಡೋದು. ಉದ್ದದ ನೇರ ದಾರಿಯ ಕೊನೆಯಲ್ಲಿ ಚಾಲಕ ವೇಗ ಬಿಟ್ಟುಕೊಟ್ಟು ಕರೆಂಟ್ ಉಳಿಸಬೇಕಾಗುತ್ತೆ ಅಂತ ವೆರ್ಸ್ಟಾಪನ್ 2023ರಲ್ಲೇ ತಕರಾರು ತೆಗೆದಿದ್ದ. ತಿಂಗಳ ಕೊನೆಯ ವಾರದ ನಮ್ಮ ಸಂಸಾರದ ಹಾಗೆ.

ಇಷ್ಟೆಲ್ಲ ಮಾಡಿ ಬಂದವರು ಯಾರು? ಆಡಿ ಬಂತು. ಫೋರ್ಡ್ ರೆಡ್ ಬುಲ್ ಜೊತೆ ಕೈಜೋಡಿಸಿತು. ಪೋರ್ಷೆ ಮಾತಾಡಿ ಮಾತಾಡಿ 2022ರಲ್ಲಿ ಹಿಂದೆ ಸರಿಯಿತು. 1977ರಲ್ಲಿ ಎಫ್1ಗೆ ಟರ್ಬೋ ತಂದುಕೊಟ್ಟ ರೆನೋ, ಹೊಸ ನಿಯಮ ಶುರುವಾಗುವ ಮೊದಲೇ ಇಂಜಿನ್ ಮಾಡೋದನ್ನು ನಿಲ್ಲಿಸಿತು. ಪ್ಯಾರಿಸ್ ಹತ್ತಿರದ ವಿರಿ-ಶಾತಿಯೋನ್ ಕಾರ್ಖಾನೆಯ ಜನ ಪ್ರತಿಭಟಿಸಿದರು, ಏನೂ ಆಗಲಿಲ್ಲ. ರೆನೋ ಒಡೆತನದ ಆಲ್ಪೀನ್ ತಂಡವೇ ಈಗ ಮರ್ಸಿಡಿಸ್ ಮನೆಯ ಬಾಡಿಗೆದಾರ.

ಅದಕ್ಕೇ ನಾನೂ ವಿ8 ಪಕ್ಷ, ಗೆಳೆಯರ ಕಾರಣಕ್ಕಲ್ಲ ಅಷ್ಟೇ. ಟರ್ಬೋ ಇಲ್ಲದ, ಸಣ್ಣ ಮೋಟಾರಿನ, ಸುಸ್ಥಿರ ಇಂಧನ ಕುಡಿಯುವ ಸರಳ ವಿ8 ಆದರೆ ಕಾಸ್ವರ್ತ್‌ನಂಥ ವರ್ಕ್‌ಶಾಪೊಂದು ಮತ್ತೆ ಅದನ್ನು ಮಾಡಿ ಮಾರಬಹುದು. ತಂಡಗಳು ನಿಗದಿ ಬೆಲೆಗೆ ಕೊಳ್ಳಬಹುದು. ದೊಡ್ಡ ಕಂಪನಿಗಳು ಬರಲಿ, ಹೋಗಲಿ, ಅವರಿಷ್ಟ. ಆದರೆ ವಿ8 ಅಂತ ಹೆಸರಿಟ್ಟು ಮತ್ತೆ ಆ ನಾಲ್ಕೈದು ಜನರೇ ಮಾಡಬಲ್ಲಂಥದ್ದನ್ನು ತಂದರೆ, ಸಿಗೋದು ಸದ್ದು ಮಾತ್ರ. ಅಷ್ಟಕ್ಕೆ ನನಗೆ ಯೂಟ್ಯೂಬಿನಲ್ಲಿ ನೈಸ್ ರಸ್ತೆಯ ವಿಡಿಯೋ ಸಾಕು. ಹೆಡ್‌ಫೋನ್ ಹಾಕಿಕೊಂಡು ಕೇಳ್ತೀನಿ, ಮನೆಯಲ್ಲಿ ಬೈಗುಳವೂ ತಪ್ಪುತ್ತೆ.