ಎರಡು ಬಗೆಯ ತಲೆಸುತ್ತು



ಹಾಸಿಗೆಯಲ್ಲಿ ಮಗ್ಗುಲಾದೊಡನೆ ಮನೆಯೇ ತಿರುಗಿದಂತಾಗುವುದುಂಟು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ತಲೆಸುತ್ತಿಗೆ ಭ್ರಮವೆಂದು ಹೆಸರು. ನಮ್ಮ ಮನೆಗಳಲ್ಲಾದರೋ ಪಿತ್ತವೆಂದು ಹೇಳಿ, ನಿಂಬೆಯ ಪಾನಕವನ್ನು ಕೊಟ್ಟು ಸುಮ್ಮನಾಗುವುದು ವಾಡಿಕೆ.

ಹಿಂದೊಮ್ಮೆ ನನ್ನ ಗೃಹಿಣಿಗೆ ಇದು ಬಂದಿತು. ವೈದ್ಯರು ಆಕೆಯ ತಲೆಯನ್ನು ಒಂದು ಪಾರ್ಶ್ವಕ್ಕೆ ತಿರುಗಿಸಿ, ಥಟ್ಟನೆ ಮಲಗಿಸಿ, ಕಣ್ಣುಗಳನ್ನೇ ನೋಡುತ್ತ ಕುಳಿತರು. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬವರು ೧೯೫೨ರಲ್ಲಿ ವಿವರಿಸಿದ ಪರೀಕ್ಷೆಯಿದು. ಕೆಲವು ಕ್ಷಣ ಏನೂ ಆಗಲಿಲ್ಲ. ಬಳಿಕ ಕಣ್ಣಾಲಿಗಳು ತಿರುಚಿದಂತೆ ಅದುರಿ, ಒಂದು ನಿಮಿಷದೊಳಗೆ ನಿಂತುವು. ಒಳಗಿವಿಯ ಸುಣ್ಣದ ಸೂಕ್ಷ್ಮ ಹರಳುಗಳು ಸ್ಥಾನ ತಪ್ಪಿ ಅರೆವೃತ್ತದ ನಾಳವನ್ನು ಹೊಕ್ಕಿದ್ದುವು. ತಲೆಯನ್ನು ಕ್ರಮವಾಗಿ ಹೊರಳಿಸಿ ಅವನ್ನು ಹೊರಡಿಸಿದರು; ಔಷಧವಿಲ್ಲದೆ ಗುಣವಾಯಿತು.

ಇಷ್ಟು ತಿಳಿದುದರಿಂದ ನನಗೆ ಗರ್ವ ಬಂದಿತು. ಕೆಲವು ತಿಂಗಳ ಮೇಲೆ ನೆರೆಮನೆಯ ಮಿತ್ರರು ಅದೇ ಬಾಧೆಯನ್ನು ಹೇಳಿಕೊಂಡಾಗ, "ಹೆದರಬೇಡಿ ರಾಯರೇ, ಕಿವಿಯ ಹರಳು, ತಾನೇ ಹೋಗುತ್ತದೆ" ಎಂದುಬಿಟ್ಟೆ. ಅವರು ಗೋಡೆ ಹಿಡಿದು ನಡೆಯುತ್ತಿದ್ದುದನ್ನೂ, ಮಾತು ತೊದಲುತ್ತಿದ್ದುದನ್ನೂ ಕಂಡೂ ಕಾಣದವನಾದೆ. ಎರಡು ದಿನ ಕಳೆದ ಮೇಲೆ ಅವರ ಮಗಳು ಹಠಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಮಲಗಿಸಿದೊಡನೆಯೇ ಕಣ್ಣುಗಳು ನೇರವಾಗಿ ಕೆಳಮುಖವಾಗಿ ಅದುರತೊಡಗಿದುವು. ಮಲಗಿದ್ದಷ್ಟು ಹೊತ್ತೂ ನಿಲ್ಲಲಿಲ್ಲ. ದೋಷವು ಕಿವಿಯಲ್ಲಿರಲಿಲ್ಲ; ಕಿರುಮೆದುಳಿನಲ್ಲಿ ರಕ್ತಸ್ರಾವವಾಗಿದ್ದಿತು.

ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು ದೇಹದ ಸಮತೋಲವನ್ನು ಕಾಯುವುದಲ್ಲದೆ, ಒಳಗಿವಿಯು ಕಣ್ಣುಗಳನ್ನು ಚಲಿಸುವ ಕ್ರಮವನ್ನೂ ಹತೋಟಿಯಲ್ಲಿಡುತ್ತದೆ. ರಕ್ತನಾಳ ಕಟ್ಟಿಯೋ, ಒಡೆದೋ, ಗೆಡ್ಡೆ ಬೆಳೆದೋ ಅದಕ್ಕೆ ಹಾನಿಯಾದರೆ ಆ ಹತೋಟಿ ತಪ್ಪುತ್ತದೆ.

ಹಗ್ಗವನ್ನು ಹಾವೆಂದು ಬಗೆದವನಿಗೆ ಬರುವುದು ಭಯ ಮಾತ್ರ. ಹಾವನ್ನು ಹಗ್ಗವೆಂದು ಬಗೆದವನಿಗೆ ಅಪಾಯ. ಇದನ್ನು ಮಕ್ಕಳಿಗೆ ಪಾಠ ಹೇಳಿದ ನಾನೇ ಎಡವಿದೆನು.

ಆದುದರಿಂದ ಗೃಹಸ್ಥರು ಗಮನಿಸತಕ್ಕುದಿಷ್ಟು. ಕಣ್ಣಿನ ಪರೀಕ್ಷೆ ವೈದ್ಯರ ಕೆಲಸ. ಆದರೆ ತಲೆಸುತ್ತಿನೊಡನೆ ನಡಿಗೆ ತಪ್ಪಿದರೆ, ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ಅಥವಾ ಹಠಾತ್ತನೆ ತೀವ್ರವಾದ ತಲೆನೋವು ಬಂದರೆ, ಪಾನಕವನ್ನು ಕಲಸುತ್ತ ಕೂರದೆ ತತ್‌ಕ್ಷಣ ಆಸ್ಪತ್ರೆಗೆ ಹೊರಡಬೇಕು.

ಮಿತ್ರರು ದೈವಕೃಪೆಯಿಂದ ಉಳಿದರು. ಈಗ ಕೋಲೂರಿ ಸಂಜೆ ನಮ್ಮ ಜಗಲಿಗೆ ಬರುತ್ತಾರೆ. ಆ ಎರಡು ದಿನಗಳ ಮಾತನ್ನು ಅವರು ಒಮ್ಮೆಯೂ ಎತ್ತಿಲ್ಲ, ನಾನು ಮರೆತಿಲ್ಲ.